ಕಿತ್ತಳೆಯ ಬಾಣಂತನ

ನಮ್ಮೂರಿನಲ್ಲಿ ಹುಟ್ಟಿದ ಯಾವುದಕ್ಕೂ ಔಷಧಿ ಹತ್ತುವುದಿಲ್ಲ. ಊರಿನ ಮೂಡಲಿಗೆ ಮೊಳಕಾಲುದ್ದ ನೀರಿನ ಒಂದು ಹಳ್ಳವಿದೆ. ಅದರ ಆಚೆ ಹುಟ್ಟಿದವರಿಗೆ ಮಾತ್ರೆ, ಸೂಜಿ, ಕಷಾಯ, ಲೇಪ ಎಲ್ಲವೂ ಲೋಕಕ್ಕೆ ಆಗುವಂತೆಯೇ ಆಗುತ್ತವೆ. ಈಚೆ ಹುಟ್ಟಿದವರು ಎಷ್ಟು ಕುಡಿದರೂ, ಯಾವ ಊರಿಗೆ ಹೋಗಿ ಕುಡಿದರೂ, ಕಲ್ಲಿನ ಮೇಲೆ ಮಳೆ ಸುರಿದ ಹಾಗೆ. ಆದ್ದರಿಂದ ಎಂಟು ತಿಂಗಳು ತುಂಬುತ್ತಿದ್ದಂತೆ ಬಸುರಿಯರನ್ನು ಗಾಡಿಯಲ್ಲಿ ಹಳ್ಳ ದಾಟಿಸಿ, ಆಚೆ ದಡದಲ್ಲಿ ಸಾಲಾಗಿ ಕಟ್ಟಿರುವ ಹೆರಿಗೆಮನೆಗಳಲ್ಲಿ ಇಡುತ್ತಾರೆ. ಗಬ್ಬದ ಹಸುಗಳನ್ನೂ ಹೊಡೆದುಕೊಂಡು ಹೋಗುತ್ತಾರೆ. ಕೋಳಿಗೆ ಮಾತ್ರ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಹುಡುಗನಿಗೆ ಹೆಣ್ಣು ಕೇಳಲು ಬಂದವರು ಜಾತಕಕ್ಕಿಂತ ಮೊದಲು ಕೇಳುವುದು, ‘ಆಚೆಯವಳೋ ಈಚೆಯವಳೋ’ ಎಂದು.

ನಾನು ಈಚೆಯವಳು. ನಮ್ಮವ್ವನನ್ನು ಕೂರಿಸಿಕೊಂಡು ಹೊರಟ ಗಾಡಿಯ ಕಡಾಣಿ ಹಳ್ಳದ ದಂಡೆಯಲ್ಲೇ ಮುರಿಯಿತಂತೆ. ನೀರಿಗೆ ಇನ್ನು ಎರಡು ಮಾರು ಇತ್ತು ಎಂದು ಅವಳು ಸಾಯುವವರೆಗೂ ಹೇಳಿಕೊಂಡಳು. ಆ ಎರಡು ಮಾರಿನ ದೆಸೆಯಿಂದ ನಾನು ಹಲ್ಲುನೋವು, ಚಳಿಜ್ವರ, ಒಮ್ಮೆ ಮುರಿದ ಕೈ, ಎಲ್ಲವನ್ನೂ ಹಲ್ಲು ಕಚ್ಚಿಯೇ ಕಳೆದೆ. ನನ್ನ ಗಂಡನೂ ಈಚೆಯವನು. ಒಂದು ಮಳೆಗಾಲದ ಜ್ವರಕ್ಕೆ ಅವನು ಹೋದ. ನಾನು ಉಳಿದೆ. ಹೆಸರು ಚಿಕ್ಕತಾಯಿ. ಊರವರು ತಾಯಕ್ಕ ಎನ್ನುತ್ತಾರೆ. ಮೂವತ್ತು ವರ್ಷದಿಂದ ನನ್ನ ಕೆಲಸ ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವುದು. ಊರಿನಲ್ಲಿ ಈಗ ಮೀಸೆ ತಿರುವಿಕೊಂಡು ಓಡಾಡುವ ಗಂಡಸರಲ್ಲಿ ಅರ್ಧ ಜನ ನನ್ನ ಕಾಲ ಮೇಲೆ ಬೋರಲು ಮಲಗಿ ಅತ್ತವರೇ.

ಜನರನ್ನು, ದನಗಳನ್ನು ದಾಟಿಸಬಹುದು. ಮರವನ್ನು ಎಂಟನೇ ತಿಂಗಳಲ್ಲಿ ಗಾಡಿ ಹತ್ತಿಸಲು ಬರುವುದಿಲ್ಲ. ನಮ್ಮೂರಿನ ಅನ್ನವೆಂದರೆ ಕಿತ್ತಳೆ. ಸಸಿಯನ್ನು ಆಚೆಯಿಂದ ತಂದು ನೆಟ್ಟರೂ ಹಣ್ಣು ಹುಟ್ಟುವುದು ಇಲ್ಲಿಯೇ ತಾನೆ. ಬಹಳ ಕಾಲ ಅದರಿಂದ ತೊಂದರೆ ಏನೂ ಇರಲಿಲ್ಲ. ಹಣ್ಣನ್ನು ಬುಟ್ಟಿಗೆ ತುಂಬಿ ದೋಣಿಗೆ ಹಾಕಿದರೆ, ದೊಡ್ಡ ಹೊಳೆಯಲ್ಲಿ ಒಂಬತ್ತು ದಿನ ತೇಲಿ ಬಂದರಿನ ಪೇಟೆಗೆ ಮುಟ್ಟುತ್ತಿತ್ತು. ನಾಲ್ಕು ವರ್ಷದ ಹಿಂದೆ ಹಸಿರು ಬೂಷ್ಟು ಬಂತು. ತೊಟ್ಟಿನ ಹತ್ತಿರವೋ ಮುಳ್ಳು ಗೀರಿದ ಕಡೆಯೋ ಒಂದು ಮೆತ್ತನೆಯ ಚುಕ್ಕೆ ಮೊದಲು ಕಾಣುತ್ತದೆ. ಮಾರನೆಯ ದಿನ ಅದರ ಮೇಲೆ ಬಿಳಿ ಅರಳೆ, ಮೂರನೆಯ ದಿನ ಹಸಿರು ಹಿಟ್ಟು. ಒಂದು ಹಣ್ಣಿಗೆ ಹಿಡಿದರೆ ಪಕ್ಕದ್ದಕ್ಕೂ ಹತ್ತುತ್ತದೆ. ಬಂಗಾರದಂಥ ಹಣ್ಣನ್ನು ಇಲ್ಲಿ ತುಂಬಿದರೆ ಅಲ್ಲಿ ಬುಟ್ಟಿ ಬಿಚ್ಚಿದವರ ಮುಖಕ್ಕೆ ಹಸಿರು ಹೊಗೆ ಏಳುತ್ತಿತ್ತು. ಬೇರೆ ಊರಿನವರು ಹಣ್ಣನ್ನು ಒಂದು ಮದ್ದಿನ ನೀರಿನಲ್ಲಿ ಅದ್ದಿ ಕಳಿಸುತ್ತಾರಂತೆ. ನಮ್ಮ ಕಿತ್ತಳೆ ಬೆಳೆಗಾರರ ಸಂಘದವರೂ ಎರಡು ಡ್ರಮ್ಮು ತರಿಸಿ ಅದ್ದಿ ನೋಡಿದರು. ಹಣ್ಣು ತೊಳೆದಂತಾಯಿತು, ಅಷ್ಟೇ.

ಸಂಘದ ಅಧ್ಯಕ್ಷರು ಪುಟ್ಟಬಸವಯ್ಯನವರು. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ತೋಟ ಅವರದು. ಮಾತು ಕಡಿಮೆ, ಆಡಿದರೆ ಹಿಂದಕ್ಕೆ ತೆಗೆದುಕೊಳ್ಳುವವರಲ್ಲ. ಅವರ ಮಗ ಮಹದೇವ ದೋಣಿಯ ಜೊತೆ ಪೇಟೆಗೆ ಹೋಗಿ ಬರುವವನು. ಸೊಸೆ ದಾಕ್ಷಾಯಿಣಿ ದೂರದ ಊರಿನಿಂದ ಬಂದ ಹುಡುಗಿ, ಹಣ್ಣು ಆರಿಸುವ ಕೊಟ್ಟಿಗೆಯಲ್ಲಿ ಹೆಂಗಸರ ಜೊತೆ ತಾನೂ ಕೂತು ಕೆಲಸ ಮಾಡುವಂಥವಳು. ಆ ವರ್ಷ ಅವಳಿಗೆ ಏಳೂವರೆ ತಿಂಗಳು. ಮುಂದಿನ ವಾರ ಆಚೆ ಕಳಿಸುವುದೆಂದು ನಿಶ್ಚಯವಾಗಿತ್ತು. ಮಹದೇವ ದೋಣಿಯ ಮೇಲಿದ್ದ. ಒಂದು ಮಧ್ಯಾಹ್ನ ಹಣ್ಣಿನ ರಾಶಿಯ ಮುಂದೆ ಕೂತಿದ್ದ ಹಾಗೆಯೇ ಅವಳಿಗೆ ನೋವು ಬಂತು. ನನ್ನನ್ನು ಕರೆದರು. ಗಾಡಿ ಹೂಡಿ ನಿಲ್ಲಿಸಿದರು. ಕೂಸು ಗಾಡಿಯನ್ನು ಕಾಯಲಿಲ್ಲ. ಬುಟ್ಟಿಗಳ ಮರೆಯಲ್ಲಿ ಗೋಣಿತಟ್ಟಿನ ಮೇಲೆ ಹೆಣ್ಣು ಕೂಸೊಂದು, ಅಂಗೈ ಎರಡು ಸೇರಿಸಿದರೆ ಹಿಡಿಸುವಷ್ಟು, ನನ್ನ ಕೈಗೆ ಬಂತು.

ಹೊರಗೆ ಬಂದು ಪುಟ್ಟಬಸವಯ್ಯನವರಿಗೆ ಹೇಳಿದೆ. ನಾವು ಕೊಟ್ಟಿಗೆ ಬಿಟ್ಟು ಕದಲಿಲ್ಲ ಎಂಬುದು ಅವರ ಕಣ್ಣೆದುರಿಗೇ ಇತ್ತು. ಆದರೂ ಕೇಳಿದರು:

“ಹಳ್ಳ ದಾಟಿತ್ತಾ?”

“ಇಲ್ಲ ಅಯ್ಯನೋರೇ. ಈಚೆನೇ ಆಯ್ತು.”

ಅವರು ಹೂಡಿದ್ದ ಎತ್ತುಗಳ ಕೊರಳು ಬಿಚ್ಚಿ ಕಟ್ಟಿಹಾಕಲು ಹೋದರು.

ತಿಂಗಳು ತುಂಬದ ಕೂಸಿಗೆ ಕಾವೇ ತಾಯಿ. ಅವರ ಮನೆಯ ನಡುಕೋಣೆಯಲ್ಲಿ ಬಾಣಂತಿಯನ್ನು ಮಲಗಿಸಿ, ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಅದರ ಮೇಲೆ ಸದಾ ಒಂದು ಅಗಲ ಬಾಯಿಯ ನೀರಿನ ಪಾತ್ರೆ ಇರುವಂತೆ ನೋಡಿಕೊಂಡೆ. ಒಣ ಕಾವು ಎಳೆ ಕೂಸಿನ ಮೂಗು ಕಟ್ಟುತ್ತದೆ. ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟೆ. ಕೋಣೆ ಸರಿಯಾಗಿದೆಯೇ ಎಂದು ನಾನು ನೋಡುವುದು ಮೊಳಕೈಯಿಂದ. ಕೂಸಿನ ನೀರಿಗೆ ಇಟ್ಟಂತೆ ಗಾಳಿಗೂ ಇಡುತ್ತೇನೆ. ಬೆರಳು ಸುಳ್ಳು ಹೇಳುತ್ತದೆ, ಮೊಳಕೈ ಹೇಳುವುದಿಲ್ಲ. ಹೀಗೆ ಮೂರು ವಾರ ಕಳೆಯಿತು. ಕೂಸು ಹಾಲು ಎಳೆಯುವುದನ್ನು ಕಲಿಯಿತು.

ಇಪ್ಪತ್ತೆರಡನೆಯ ದಿನ ಕೋಣೆ ಸಾರಿಸಲೆಂದು ಮಂಚ ಸರಿಸಿದರೆ, ಗೋಡೆಯ ಬದಿಯಲ್ಲಿ ನನ್ನದೇ ಒಂದು ಬುಟ್ಟಿ. ಕೂಸು ಹುಟ್ಟಿದ ದಿನ ಆರಿಸುವ ಹೆಂಗಸರು ಮುಳ್ಳು ಗೀರಿದ ಹಣ್ಣುಗಳನ್ನು ನನ್ನ ಮನೆಗೆಂದು ತೆಗೆದಿಟ್ಟಿದ್ದು. ಗಲಾಟೆಯಲ್ಲಿ ಬಾಣಂತಿಯ ಸಾಮಾನಿನ ಜೊತೆ ಇಲ್ಲಿಗೆ ಬಂದು ಮರೆತೇ ಹೋಗಿತ್ತು. ಗೀರಿದ ಹಣ್ಣು, ಮೂರು ವಾರ, ಬೆಚ್ಚನೆಯ ಕೋಣೆ. ಹಸಿರು ಹಿಟ್ಟು ಕೂಸಿನ ಮೇಲೆ ಹಾರೀತೆಂದು ನಾನು ಸೆರಗಿನಿಂದ ಬುಟ್ಟಿ ಮುಚ್ಚಿಕೊಂಡು ಹೊರಗೆ ಓಡಿದೆ. ಬಿಸಿಲಲ್ಲಿ ಸೆರಗು ತೆಗೆದು ನೋಡಿದರೆ ಬೂಷ್ಟು ಇಲ್ಲ. ಒಂದೊಂದೇ ಹಣ್ಣು ಎತ್ತಿ ತಿರುಗಿಸಿದೆ. ಮುಳ್ಳು ಗೀರಿದ ಗೆರೆಗಳು ಒಣಗಿ, ಒಣಹುಲ್ಲಿನ ಬಣ್ಣಕ್ಕೆ ಬಂದು, ಹೊಕ್ಕುಳು ಬಿದ್ದ ಜಾಗದ ಹಾಗೆ ಬಿಗಿದು ಕೂಡಿಕೊಂಡಿದ್ದವು. ಉಗುರಿನಿಂದ ಕೆರೆದರೂ ಏಳಲಿಲ್ಲ. ಅದೇ ದಿನ ಕಿತ್ತು ತಂಪು ಕೊಟ್ಟಿಗೆಯಲ್ಲಿ ಇಟ್ಟಿದ್ದ ಹಣ್ಣನ್ನು ಆಳುಗಳು ಹಿಂದಿನ ವಾರವೇ ಗುಂಡಿಗೆ ಸುರಿದಿದ್ದರು.

ನಾನು ಓದಿದವಳಲ್ಲ. ಆದರೆ ಹಸಿ ಗಾಯ ಯಾವುದಕ್ಕೆ ಮುಚ್ಚುತ್ತದೆ ಎಂಬುದನ್ನು ಮೂವತ್ತು ವರ್ಷ ನೋಡಿದ್ದೇನೆ. ಹಣ್ಣನ್ನು ಮರದಿಂದ ಕಿತ್ತರೆ ತೊಟ್ಟಿನಲ್ಲಿ ಗಾಯ. ಆ ಗಾಯದಲ್ಲೇ ಅದನ್ನು ತಣ್ಣನೆಯ ನೆಲದ ಮೇಲೆ ಸುರಿದು, ಬುಟ್ಟಿಗೆ ತುರುಕಿ, ಒಂಬತ್ತು ದಿನದ ದಾರಿಗೆ ಕಳಿಸುತ್ತೇವೆ. ಹೆತ್ತವಳನ್ನು ಹಾಗೆ ಕಳಿಸಿದರೆ ಅವಳು ಉಳಿದಾಳೆಯೇ?

ಆ ದಿನವೇ ನನ್ನ ಬಚ್ಚಲಿನಲ್ಲಿ ಕೆಲಸ ಶುರು ಮಾಡಿದೆ. ಮೊದಲು ಹಣ್ಣನ್ನು ಹಂಡೆಯ ಬಿಸಿನೀರಿನಲ್ಲೇ ಬಿಟ್ಟೆ. ಸಿಪ್ಪೆ ಕಂದಿ, ಒಳಗಿನ ತೊಳೆ ಬೆಂದ ಗೆಣಸಿನ ವಾಸನೆ ಹೊಡೆಯಿತು. ಎಮ್ಮೆಯೂ ಮೂಸಲಿಲ್ಲ. ಎರಡನೆಯ ಸಲ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಒಣ ಕಾವಿಗೆ ಹಣ್ಣು ಮುದುಕಿಯ ಕೆನ್ನೆಯಂತೆ ಸುಕ್ಕಾಯಿತು, ಆಮೇಲೆ ಕೊಳೆಯಿತು. ಮೂರನೆಯ ಸಲ ಕೂಸಿನ ಕೋಣೆಯನ್ನೇ ಮಾಡಿದೆ. ಬಚ್ಚಲಿನ ಕಿಂಡಿ ಮುಚ್ಚಿ, ಗೋಣಿ ನೆನೆಸಿ ಸುತ್ತ ಇಳಿಬಿಟ್ಟು, ಹಂಡೆಯ ಕೆಳಗೆ ಸಣ್ಣ ಕೆಂಡ ಇಟ್ಟು, ಮೊಳಕೈ ಒಪ್ಪುವವರೆಗೂ ಹಣ್ಣು ಒಳಗೆ ಬಿಡಲಿಲ್ಲ. ಒಂದು ದಿನ ಇಟ್ಟ ಹಣ್ಣಿನ ತೊಟ್ಟಿಗೆ ಒಂದು ನೂಲು ಕಟ್ಟಿದೆ. ಎರಡು ದಿನ ಇಟ್ಟದ್ದಕ್ಕೆ ಎರಡು. ಹೀಗೆ ಐದರವರೆಗೆ. ಕಾವು ಕಾಣದ ಹಣ್ಣು ಬರಿ ತೊಟ್ಟಿನದು.

ಆಮೇಲೆ ಮಾಡಿದ ಕೆಲಸಕ್ಕೆ ನೆರೆಹೊರೆಯವರು ನನ್ನನ್ನು ಹುಚ್ಚಿ ಎಂದರು. ಗುಂಡಿಯಿಂದ ಒಂದು ಕೊಳೆತ ಹಣ್ಣು ತಂದು, ನಿಂಬೆಮುಳ್ಳಿನಿಂದ ಪ್ರತಿ ಹಣ್ಣಿಗೂ ಒಂದು ಚುಚ್ಚಿ, ಆ ತೂತಿಗೆ ಹಸಿರು ಹಿಟ್ಟನ್ನು ಬೆರಳಿನಿಂದ ತಿಕ್ಕಿದೆ.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, “ಕೈಯಾರ ರೋಗ ಅಂಟಿಸ್ತಾ ಇದೀಯಲ್ಲ ತಾಯಕ್ಕ, ಪಾಪ ಬರಲ್ವಾ?” ಎಂದಳು.

“ಬಂದ್ರೆ ನನಗೇ ಬರ್ಲಿ. ಇದು ತಡಕೊಳ್ಳುತ್ತೋ ಇಲ್ವೋ ನೋಡದೆ ಊರವರಿಗೆ ಹೆಂಗೆ ಹೇಳ್ಲಿ?”

ಬರಿ ತೊಟ್ಟಿನವು ನಾಲ್ಕೇ ದಿನಕ್ಕೆ ಹೋದವು. ಒಂದು ನೂಲಿನವು ಅವುಗಳ ಹಿಂದೆಯೇ. ಎರಡು ನೂಲಿನವು ಅರ್ಧಕ್ಕರ್ಧ. ಮೂರು ನೂಲಿನವು ನಿಂತವು. ಚುಚ್ಚಿದ ತೂತಿನ ಸುತ್ತ ಕಂದು ಬಣ್ಣದ ಗಟ್ಟಿ ಬಳೆಯೊಂದು ಎದ್ದು, ಹಸಿರು ಅಲ್ಲಿಗೇ ನಿಂತು ಒಣಗಿಹೋಯಿತು. ಐದು ನೂಲಿನವೂ ನಿಂತವು, ಆದರೆ ರುಚಿ ಸಪ್ಪೆಯಾಯಿತು. ಇನ್ನೊಂದು ಸಂಗತಿ ಹಾಳು ಮಾಡಿಕೊಂಡೇ ಕಲಿತೆ. ಕಿತ್ತು ನಾಲ್ಕು ದಿನ ಬಿಟ್ಟು ತಂದ ಹಣ್ಣಿಗೆ ಕಾವು ಕೊಟ್ಟರೆ ಒಂದೂ ಉಳಿಯಲಿಲ್ಲ. ಬೂಷ್ಟು ಒಳಗೆ ಕೂತ ಮೇಲೆ ನಾವು ಮಾಡುವುದು ಬೂಷ್ಟಿನ ಬಾಣಂತನ. ಕಿತ್ತ ದಿನವೇ ಒಳಗೆ ಹೋಗಬೇಕು, ಮೂರು ದಿನ ಇರಬೇಕು.

ಇಷ್ಟು ತಿಳಿಯುವ ಹೊತ್ತಿಗೆ ಒಂದು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಮಹದೇವ ಪೇಟೆಯಿಂದ ಬಂದ. ಮಗಳನ್ನು ನೋಡಿ ನಕ್ಕ, ಆಮೇಲೆ ಅಪ್ಪನ ಮುಂದೆ ತಲೆ ತಗ್ಗಿಸಿ ನಿಂತ. ಬಂದರಿನಲ್ಲಿ ನಮ್ಮ ಹಣ್ಣು ಕೊಳ್ಳುವವರು ಖಾದರ್ ಸಾಹೇಬರು. ಮೂರು ತಲೆಮಾರಿನ ಸಂಬಂಧ. ಅವರು ಹೇಳಿ ಕಳಿಸಿದ್ದು ಇಷ್ಟು: ಇನ್ನು ಒಂದು ದೋಣಿ ಇಳಿಸಿಕೊಳ್ಳುತ್ತೇನೆ. ಅದೂ ಹೀಗೇ ಬಂದರೆ ಮುಂದೆ ಕಳಿಸಬೇಡಿ, ನನ್ನ ಉಗ್ರಾಣದ ಬೇರೆ ಹಣ್ಣೂ ಕೆಡುತ್ತಿದೆ. ಸಂಘದವರು ಸೇರಿದರು. ಕೊನೆಯ ದೋಣಿ ಹೋದ ಮೇಲೆ ಮರ ಕಡಿಸಿ ಸೌದೆಗೆ ಕೊಡುವುದು, ನೆಲಕ್ಕೆ ಬೇರೇನಾದರೂ ಹಾಕುವುದು ಎಂದು ಮಾತಾಯಿತು. ಅಮಾವಾಸ್ಯೆ ಕಳೆದ ಮೇಲೆ ಕಡಿಯುವವರು ಬರುತ್ತಾರೆ ಎಂದರು. ಪುಟ್ಟಬಸವಯ್ಯನವರು ತಾವೇ ಸುಣ್ಣದ ಮಡಕೆ ಹಿಡಿದು ತಮ್ಮ ಮರಗಳಿಗೆ ಗುರುತು ಹಾಕುತ್ತಾ ನಡೆದರು. ಕಡಿಯುವುದಿದ್ದರೆ ಮೊದಲು ತನ್ನದು ಎಂಬ ಜನ ಅವರು.

ನಾನು ನೂಲು ಕಟ್ಟಿದ ಹಣ್ಣುಗಳನ್ನು ಮೊರದಲ್ಲಿಟ್ಟುಕೊಂಡು ಅವರ ಜಗಲಿಗೆ ಹೋದೆ. ಕಂಡದ್ದನ್ನೆಲ್ಲ ಹೇಳಿದೆ. ಅವರು ಒಂದು ಹಣ್ಣು ಎತ್ತಿ ನೋಡಿ ಇಟ್ಟರು.

“ಕಾವು ಕೊಟ್ರೆ ಹಣ್ಣು ಕೊಳೆಯುತ್ತೆ ಕಣಮ್ಮ. ತಂಪಲ್ಲಿ ಇಡ್ಬೇಕು ಅಂತ ನಮ್ಮಪ್ಪನ ಕಾಲದಿಂದ ಇದೆ.”

“ನಿಮ್ಮಪ್ಪಾಜಿ ಕಾಲದಲ್ಲಿ ಬೂಷ್ಟು ಇರಲಿಲ್ಲ ಅಯ್ಯನೋರೇ.”

“ನಿನ್ನ ಬಚ್ಚಲಲ್ಲಿ ಹತ್ತು ಹಣ್ಣು ಉಳೀತು. ಒಪ್ಪಿದೆ. ಇದು ಎಂಬತ್ತು ಬುಟ್ಟಿ. ಊರಿನ ಕೊನೇ ದೋಣಿ. ಅದನ್ನ ತಗೊಂಡು ಬಚ್ಚಲಲ್ಲಿ ಇಡು ಅಂತೀಯಾ?”

ಅಷ್ಟರಲ್ಲಿ ದಾಕ್ಷಾಯಿಣಿ ಕೂಸನ್ನು ಎತ್ತಿಕೊಂಡು ಹೊಸಿಲಿಗೆ ಬಂದು ನಿಂತಳು. ಮಾವನ ಎದುರು ಅವಳು ಎಂದೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಬಚ್ಚಲು ಬೇಡ ಮಾವ. ಹಿತ್ತಲಲ್ಲಿ ನನ್ನ ಹುಳುವಿನ ಮನೆ ಖಾಲಿ ಬಿದ್ದಿದೆಯಲ್ಲ.”

ರೇಷ್ಮೆ ಹುಳು ಸಾಕಲೆಂದು ಅವಳ ತೌರಿನವರು ಕಟ್ಟಿಸಿಕೊಟ್ಟ ಮನೆ ಅದು. ಉದ್ದನೆಯದು, ಒಳಗೆ ಬಿದಿರಿನ ಅಟ್ಟಣಿಗೆಗಳ ಸಾಲು. ಇಲ್ಲಿ ಹುಟ್ಟಿದ ಹುಳುಗಳಿಗೆ ರೋಗ ಬಂದು ಮದ್ದು ಹತ್ತದೆ ಎಲ್ಲ ಸತ್ತ ಮೇಲೆ ಬಾಗಿಲು ಹಾಕಿದ್ದರು.

“ಸುಮ್ಮನಿರವ್ವ,” ಎಂದರು ಪುಟ್ಟಬಸವಯ್ಯನವರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಹೆಂಗೆ ಸುಮ್ಮನಿರ್ಲಿ ಮಾವ? ಇವಳಿಗೂ ನಾಳೆ ಏನಾದ್ರೂ ಬಂದ್ರೆ ಮದ್ದು ಕೊಡೋ ಹಂಗಿಲ್ಲ. ಅದಕ್ಕೇ ಇವಳ ಹಣೇಲೂ ಸುಣ್ಣ ಹಚ್ಚಿಬಿಡ್ತೀರಾ?”

ಪುಟ್ಟಬಸವಯ್ಯನವರು ತಮ್ಮ ಬೆರಳಿನ ಸಂದಿಯಲ್ಲಿ ಒಣಗಿದ್ದ ಸುಣ್ಣವನ್ನು ಉಜ್ಜಿ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, “ನಲವತ್ತು ಬುಟ್ಟಿ. ಅರ್ಧ ನಿನ್ನ ದಾರೀಲಿ, ಅರ್ಧ ನಮ್ಮಪ್ಪನ ದಾರೀಲಿ. ಎರಡೂ ಒಂದೇ ದೋಣೀಲಿ ಹೋಗ್ಲಿ.”

ನಾನು ನೀರು ಹಾಕಿದ ಬಾಣಂತಿಯರು ಹದಿನಾಲ್ಕು ಜನ ಬಂದರು. ಹುಳುವಿನ ಮನೆ ಗುಡಿಸಿ ಸಾರಿಸಿದೆವು. ಎರಡು ತುದಿಯಲ್ಲಿ ಎರಡು ಒಲೆ, ಮೇಲೆ ಹಂಡೆ, ಸುತ್ತ ನೆನೆಸಿದ ಗೋಣಿ. ತೋಟದಲ್ಲಿ ಹಣ್ಣು ಕೀಳುವವರಿಗೆ ಎಳೆಯಬೇಡಿ, ತೊಟ್ಟು ಬಿಟ್ಟು ಕತ್ತರಿಸಿ ಎಂದು ಹೇಳಿದೆ. ಬೆಳಿಗ್ಗೆ ಕತ್ತರಿಸಿದ್ದು ಸಂಜೆಯೊಳಗೆ ಅಟ್ಟಣಿಗೆ ಹತ್ತಿತು. ಮಾರನೆಯ ಬೆಳಗಿನಿಂದ ದಿನ ಎಣಿಸಿದೆವು. ಮೊದಲ ದಿನ ಎಲ್ಲ ಸರಿಯಾಗಿ ನಡೆಯಿತು. ಸರದಿಯ ಮೇಲೆ ಹೆಂಗಸರು ಗೋಣಿ ನೆನೆಸಿದರು, ನಾನು ಗಳಿಗೆಗೊಮ್ಮೆ ಮೊಳಕೈ ಇಟ್ಟು ಕೆಂಡ ಹಿಂದೆ ಮುಂದೆ ಎಳೆದೆ.

ಎರಡನೆಯ ದಿನ ಬೆಳಿಗ್ಗೆ ಮಹದೇವ ಓಡಿ ಬಂದ. ಕೂಸಿನ ಮೈ ಸುಡುತ್ತಿದೆ, ಹಾಲು ಮುಟ್ಟುತ್ತಿಲ್ಲ.

ಹೋಗಿ ನೋಡಿದೆ. ಎರಡು ತಿಂಗಳೂ ತುಂಬದ ಮೈ, ಹೆಂಚಿನಂತೆ ಕಾದಿತ್ತು. ಉಸಿರು ಸಣ್ಣಗೆ ಓಡುತ್ತಿತ್ತು. ದಾಕ್ಷಾಯಿಣಿಗೆ ತನ್ನ ಊರಿನ ಅಭ್ಯಾಸ, ಕೈ ತಾನಾಗಿ ಮಾತ್ರೆಯ ಡಬ್ಬಿಗೆ ಹೋಗಿತ್ತು. ಅದನ್ನು ಮುಚ್ಚಳ ತೆಗೆದು ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ನಾನು ಡಬ್ಬಿ ತೆಗೆದು ಪಕ್ಕಕ್ಕಿಟ್ಟೆ. ಕೂಸಿನ ಬಟ್ಟೆ ಬಿಚ್ಚಿಸಿದೆ. ಉಗುರುಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಮೈ ಒರೆಸುತ್ತಾ ಹೋದೆ. ಒಳಲೆಯನ್ನು ತುಟಿಗೆ ಹಿಡಿದು ತಾಯಹಾಲನ್ನು ಹನಿಹನಿಯಾಗಿ ಬಿಡು, ಉಗಿದರೂ ಬಿಡು, ನಿಲ್ಲಿಸಬೇಡ ಎಂದೆ. ಬೇರೆ ದಾರಿ ನಮಗಿಲ್ಲ. ಜ್ವರ ಅದರದು, ಜಗಳವೂ ಅದರದೇ. ಜಗಳವಾಡಲು ಬೇಕಾದ ನೀರು, ಹಾಲು, ಗಾಳಿ ಕೊಟ್ಟುಕೊಂಡು ಬದಿಯಲ್ಲಿ ಕೂರುವುದಷ್ಟೇ ನಮ್ಮ ಕೆಲಸ.

ಪುಟ್ಟಬಸವಯ್ಯನವರು ಬಾಗಿಲಲ್ಲಿ ಬಂದು ನಿಂತರು, ಹೋದರು, ಮತ್ತೆ ಬಂದರು. ಅವರ ನೆರಳು ಕೂಸಿನ ಮೇಲೆ ಬಿದ್ದು ಎದ್ದು ಮಾಡುತ್ತಿತ್ತು. ನಾನು ತಲೆಯೆತ್ತಿ ಹೇಳಿದೆ:

“ಇಲ್ಲಿ ನಿಮಗೇನೂ ಕೆಲಸ ಇಲ್ಲ ಅಯ್ಯನೋರೇ. ಹುಳುವಿನ ಮನೇಲಿ ಇದೆ. ನಾನು ಇದನ್ನ ಬಿಟ್ಟು ಏಳೋ ಹಂಗಿಲ್ಲ. ಹೆಂಗಸರಿಗೆ ಗೋಣಿ ನೆನೆಸೋದು ಗೊತ್ತು, ಕಾವು ನೋಡೋದು ಗೊತ್ತಿಲ್ಲ. ತೋಳು ಮಡಚಿಕೊಂಡು ಮೊಳಕೈ ಇಟ್ಟು ನೋಡಿ. ಸುಟ್ಟಂಗೆ ಆಗಬಾರದು, ತಣ್ಣಗೂ ಅನ್ನಿಸಬಾರದು. ಏನೂ ಗೊತ್ತಾಗದಂಗೆ ಇರ್ಬೇಕು. ಹೋಗಿ.”

ಅಧ್ಯಕ್ಷರಾದ ಮೇಲೆ ಅವರಿಗೆ ‘ಹೋಗಿ’ ಎಂದವರು ಯಾರೂ ಇರಲಿಲ್ಲ. ಅವರು ಅಲ್ಲಿಯೇ ಅಂಗಿಯ ತೋಳು ಮಡಚುತ್ತಾ ಹೊರಟರು.

ಆ ದಿನವೆಲ್ಲ, ಮಾರನೆಯ ದಿನವೂ ಕೂಸಿನ ಜ್ವರ ಏರುತ್ತಾ ಇಳಿಯುತ್ತಾ ಇತ್ತು. ಒಮ್ಮೆ ಕಣ್ಣು ಮೇಲಾಗಿ ಮೈ ಸೆಟೆಯಿತು. ದಾಕ್ಷಾಯಿಣಿ ನನ್ನ ಕೈ ಹಿಡಿದಳು. ಅಳಲಿಲ್ಲ. “ಹನಿ ಬಿಡು, ನಿಲ್ಲಿಸಬೇಡ,” ಎಂದೆ. ಮೈ ಸಡಿಲವಾದ ಮೇಲೆ ಅವಳು ಒಳಲೆ ಎತ್ತಿಕೊಂಡಳು. ನನಗೆ ನನ್ನ ಗಂಡನ ಕೊನೆಯ ದಿನಗಳು ನೆನಪಾದವು. ಅವನ ಹತ್ತಿರವೂ ಹೀಗೆಯೇ ಕೂತಿದ್ದೆ, ಹೀಗೆಯೇ ಒರೆಸಿದ್ದೆ. ಎಲ್ಲ ಮಾಡಿದರೂ ಆಗದೇ ಇರುವುದುಂಟು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಬಟ್ಟೆ ಅದ್ದಿದೆ, ಹಿಂಡಿದೆ, ಒರೆಸಿದೆ.

ಮೂರನೆಯ ದಿನ ಹೊತ್ತು ಮುಳುಗುವಾಗ ಕೂಸಿನ ಕತ್ತಿನ ಮಡಿಕೆಯಲ್ಲಿ ನೀರೊಡೆಯಿತು. ಹಣೆಯಲ್ಲಿ ಬೆವರು. ಸ್ವಲ್ಪ ಹೊತ್ತಿಗೆ ಅದು ಕಣ್ಣು ಬಿಟ್ಟು, ಒಳಲೆಯನ್ನು ನಾಲಗೆಯಿಂದ ನೂಕಿ, ತಾಯಿಯ ಎದೆಯ ಕಡೆ ಮುಖ ತಿರುಗಿಸಿತು.

ಆಗ ಪುಟ್ಟಬಸವಯ್ಯನವರು ಬಂದರು. ಅಂಗಿ ಮೈಗೆ ಅಂಟಿಕೊಂಡಿತ್ತು. ಹೊಗೆಗೆ ಕಣ್ಣು ಕೆಂಪಾಗಿತ್ತು. ಒಂದೂವರೆ ದಿನ ಅವರು ಅಲ್ಲಿಂದ ಏಳಲಿಲ್ಲ, ಊಟಕ್ಕೂ ಬರಲಿಲ್ಲ ಎಂದು ಹೆಂಗಸರು ಆಮೇಲೆ ಹೇಳಿದರು. ಒಳಗೆ ನೋಡದೆ ಬಾಗಿಲುವಾಡಕ್ಕೆ ಮುಖ ಮಾಡಿ ನಿಂತು ಹೇಳಿದರು:

“ಮೂರು ದಿನ ತುಂಬಿತು. ಕಾವು ಸರಿಯಾಗಿತ್ತು. ಗಳಿಗೆಗೊಂದು ಸಲ ನೋಡ್ದೆ.”

ಕೂಸಿನ ವಿಷಯ ಕೇಳುವ ಧೈರ್ಯ ಅವರಿಗಿರಲಿಲ್ಲ. ಹೊಟ್ಟೆ ತುಂಬ ಹಾಲು ಕುಡಿದ ಕೂಸನ್ನು ನಾನು ಬಟ್ಟೆಯಲ್ಲಿ ಸುತ್ತಿ ಅವರ ಮಡಚಿದ ತೋಳಿನ ಮೇಲೆ ಇಟ್ಟೆ. ಅವರು ಮೊಳಕೈ ಅಲುಗಿಸದೆ ಅದನ್ನೇ ನೋಡುತ್ತಾ ನಿಂತುಬಿಟ್ಟರು.

ದೋಣಿಗೆ ಹೇರುವ ದಿನ ನಾನೂ ಹೊರಡುತ್ತೇನೆ ಎಂದೆ. ಊರು ಬಿಟ್ಟು ಹೋದವಳಲ್ಲ ನಾನು. ಆದರೆ ಬುಟ್ಟಿ ಬಿಚ್ಚುವಾಗ ನನ್ನ ಕಣ್ಣಿನಿಂದಲೇ ನೋಡಬೇಕಿತ್ತು. ಕೆಟ್ಟಿದ್ದರೆ ಯಾವುದು, ಹೇಗೆ, ಎಲ್ಲಿಂದ ಕೆಟ್ಟಿತು ಎಂದು ತಿಳಿಯದೆ ಮುಂದಿನ ಸಲ ಏನು ಮಾಡುವುದು? ಮುಂದಿನ ಸಲ ಎಂಬುದು ಇದೆಯೋ ಇಲ್ಲವೋ, ಅದು ಬೇರೆ ಮಾತು. ಕೂಸಿಗೆ ಯಾರು ನೀರು ಹಾಕುತ್ತಾರೆ ಎಂದು ಕೇಳಿದ್ದಕ್ಕೆ ದಾಕ್ಷಾಯಿಣಿ, “ನಾನೇ ಹಾಕ್ತೀನಿ, ನೀವು ಹೋಗಿ ಬನ್ನಿ,” ಎಂದಳು.

ಒಂಬತ್ತು ದಿನ ಹೊಳೆಯ ಮೇಲೆ. ಎಂಬತ್ತು ಬುಟ್ಟಿಗಳೂ ಒಂದೇ ಚಪ್ಪರದ ಕೆಳಗೆ, ಮೈಗೆ ಮೈ ತಾಗಿಸಿಕೊಂಡು. ಐದನೆಯ ದಿನದಿಂದಲೇ ವಾಸನೆ ಬರತೊಡಗಿತು. ಮಹದೇವ ಮೂಗು ಅರಳಿಸಿ ನನ್ನ ಕಡೆ ನೋಡುತ್ತಿದ್ದ. ಬಿಚ್ಚಿ ನೋಡೋಣವೇ ಎಂದ. ಗಾಳಿಗೆ ಬಿಚ್ಚಿದರೆ ಹಿಟ್ಟು ಎಲ್ಲ ಕಡೆ ಹಾರುತ್ತದೆ, ಬೇಡ ಎಂದೆ. ಎಂಟನೆಯ ದಿನ ಬುಟ್ಟಿಯ ಸಂದಿಗಳಲ್ಲಿ ಹಸಿರು ಕಾಣಿಸಿತು. ಆ ದಿನ ಇಬ್ಬರೂ ಊಟ ಮಾಡಲಿಲ್ಲ.

ಖಾದರ್ ಸಾಹೇಬರು ದಪ್ಪನೆಯ, ವಯಸ್ಸಾದ ಮನುಷ್ಯ. ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಕಟ್ಟೆಯ ಮೇಲೆ ಬಂದು ನಿಂತರು. ಮೊದಲು ತಂಪು ಕೊಟ್ಟಿಗೆಯ ನಲವತ್ತು ಬುಟ್ಟಿ ಬಿಚ್ಚಿಸಿದರು. ಮೂವತ್ತೊಂದು ಬುಟ್ಟಿ ಪೂರ್ತಿ ಹೊಗೆ. ಕೂಲಿಗಳು ಮುಖ ತಿರುಗಿಸಿಕೊಂಡು ಅವನ್ನು ಹೊತ್ತೊಯ್ದರು.

“ಸಾಕಲ್ಲಮ್ಮ,” ಎಂದರು ಸಾಹೇಬರು, ಮೆತ್ತಗೆ. “ಉಳಿದದ್ದನ್ನೂ ನೋಡಬೇಕಾ?”

“ನೋಡ್ಬೇಕು. ಮೇಲಿನದು ಬೇಡ ಸಾಹೇಬ್ರೇ. ಆ ತಳದ್ದು ತೆಗೆಸಿ, ಕೆಟ್ಟ ಬುಟ್ಟಿಗೆ ತಾಗಿಕೊಂಡು ಇತ್ತಲ್ಲ, ಅದು.”

ಕೂಲಿ ಮುಚ್ಚಳ ಕಿತ್ತ. ಬುಟ್ಟಿಯ ಬಾಯಿ ತುಂಬ ಹಸಿರು. ನಾನು ಬಗ್ಗಿ ಒಂದು ಹಣ್ಣು ಎತ್ತಿದೆ. ಬೆರಳಿಗೆ ಅದು ಮೆತ್ತಗೆ ಇಳಿಯಲಿಲ್ಲ, ಗಟ್ಟಿಯಾಗಿ ಕೂತಿತು. ಸೆರಗಿನಿಂದ ಒರೆಸಿದೆ. ಹಿಟ್ಟೆಲ್ಲ ಸೆರಗಿಗೆ ಬಂತು. ಕೆಳಗೆ ಸಿಪ್ಪೆ ಹೊಳೆಯುತ್ತಿತ್ತು. ಇನ್ನೊಂದು ಎತ್ತಿ ಒರೆಸಿದೆ. ಮತ್ತೊಂದು. ಹಿಟ್ಟು ಪಕ್ಕದ ಬುಟ್ಟಿಯಿಂದ ಹಾರಿ ಬಂದು ಕೂತದ್ದು. ಒಳಗೆ ಹೋಗಲು ಅದಕ್ಕೆ ದಾರಿ ಸಿಕ್ಕಿರಲಿಲ್ಲ. ಬುಟ್ಟಿಯಲ್ಲಿ ನಿಜವಾಗಿ ಕೊಳೆತದ್ದು ಮೂರು ಹಣ್ಣು. ಅವಕ್ಕೆ ಒರಗಿಕೊಂಡಿದ್ದ ಹಣ್ಣುಗಳೂ ಒರೆಸಿದರೆ ಚೊಕ್ಕಟ.

ಖಾದರ್ ಸಾಹೇಬರು ಕರವಸ್ತ್ರವನ್ನು ಮೂಗಿನಿಂದ ತೆಗೆದು, ಅದರಿಂದಲೇ ಒಂದು ಹಣ್ಣು ಒರೆಸಿದರು. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿದರು. ಸುಲಿದು ನಾಲ್ಕು ತೊಳೆ ನಿಧಾನವಾಗಿ ತಿಂದು, ಬೀಜವನ್ನು ಅಂಗೈಗೆ ಉಗಿದುಕೊಂಡರು. ಆಮೇಲೆ ತಾವೇ ಬಗ್ಗಿ ಎರಡನೆಯ ಬುಟ್ಟಿಯ ಹಗ್ಗ ಬಿಚ್ಚತೊಡಗಿದರು. ನಲವತ್ತನ್ನೂ ಬಿಚ್ಚಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಕೆಟ್ಟ ಹಣ್ಣೆಲ್ಲ ಸೇರಿ ಎರಡು ಬುಟ್ಟಿ ತುಂಬಲಿಲ್ಲ.

“ಮುಂದಿನ ದೋಣಿ ಯಾವಾಗ?” ಎಂದರು.

ಆ ಮಾತು ಕೇಳಿ ಮಹದೇವನಿಗೆ ನಗು ಬಂತು. ನಾನು ಬೆರಳು ಮಡಚಿ ದಿನ ಎಣಿಸಿದೆ. ಅಮಾವಾಸ್ಯೆಗೆ ನಾಲ್ಕೇ ದಿನ. ನಾವು ಹೊಳೆಯ ಎದುರು ಹೋಗಿ ಊರು ಮುಟ್ಟಲು ಹನ್ನೆರಡು ದಿನ ಬೇಕು. ಪುಟ್ಟಬಸವಯ್ಯನವರು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ. ಕೊಡಲಿಯವರು ಬಂದರೆ ಗುರುತು ಹಾಕಿದ ಮರ ತೋರಿಸಿಯೇ ತೋರಿಸುತ್ತಾರೆ. ಸಾಹೇಬರು ನಮ್ಮನ್ನು ಬಂದರಿನ ತಂತಿ ಆಫೀಸಿಗೆ ಕರೆದುಕೊಂಡು ಹೋದರು. ಊರಿನ ದೋಣಿಕಟ್ಟೆಗೆ ತಂತಿ ಹೋಗುತ್ತದೆ, ಸಂಜೆಯೊಳಗೆ ಮುಟ್ಟುತ್ತದೆ ಎಂದರು.

ನಾನು ಹೇಳುತ್ತಾ ಹೋದೆ. ಯಾವ ಬುಟ್ಟಿ ಎಲ್ಲಿತ್ತು, ಎಷ್ಟು ಉಳಿಯಿತು, ಪಡುವಣ ತೋಟದ ಹಣ್ಣು ಮೊದಲು ಕತ್ತರಿಸಬೇಕು, ಒಲೆ ಮೂರು ಮಾಡಬೇಕು, ಕಡಿಯುವವರು ಬಂದಿದ್ದರೆ ಅವರಿಗೆ ಊಟ ಹಾಕಿ ಕಳಿಸಬೇಕು. ತಂತಿಯ ಗುಮಾಸ್ತ ಬರೆಯುವುದನ್ನು ನಿಲ್ಲಿಸಿ, “ಹತ್ತು ಪದದಲ್ಲಿ ಹೇಳಬೇಕಮ್ಮ,” ಎಂದ. ಒಂದೊಂದೇ ತೆಗೆಸಿದೆ. ಕೊನೆಗೆ ಅವನು ಓದಿದ:

“ಮರ ಕಡಿಯಬೇಡಿ. ಗೋಣಿ ನೆನೆಸಿ. ಹಣ್ಣು ಕತ್ತರಿಸಲು ಶುರುಮಾಡಿ. ಮಗು ಹೇಗಿದೆ. ಒಂಬತ್ತಾಯ್ತು. ಇನ್ನೊಂದು ಪದ ಇದೆ, ನಿಮ್ಮ ಹೆಸರು ಹಾಕಲಾ?”

“ಹೆಸರು ಬೇಡಪ್ಪ. ಇಂಥ ಮಾತು ಯಾರು ಹೇಳ್ತಾರೆ ಅಂತ ಅವರಿಗೆ ಗೊತ್ತು. ಅದರ ಬದಲು ‘ಗೋಣಿ’ ಆದ ಮೇಲೆ ‘ಇವತ್ತೇ’ ಅಂತ ಬರಿ.”